ಸ್ವಲ್ಪ ಹೊತ್ತು ನೋಡೋಣ ಎಂದಿದ್ದೆ

ಅಂದು ಬೆಳಿಗ್ಗೆ ಏಳು ದಾಟಿ ಹತ್ತು ನಿಮಿಷವಾಗಿರಬಹುದು. ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ ನನ್ನ ಹೆಂಡತಿಯ ಕೈಯಿಂದ ಬಾಚಣಿಗೆ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡಳು, ಮತ್ತೆ ಬಿತ್ತು. ಮೂರನೆಯ ಸಲ ಎಡಗೈಯಿಂದ ಎತ್ತಿಕೊಂಡು, ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಏನಾಯಿತೆಂದು ಕೇಳಿದ್ದಕ್ಕೆ ಅವಳು ಏನೋ ಹೇಳಿದಳು. ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ನಿಜಕ್ಕೂ ಆ ಮಾತು ಅವಳ ಬಾಯಿಂದಲೇ ಸರಿಯಾಗಿ ಹೊರಟಿರಲಿಲ್ಲ. ನೋವಿದೆಯೇ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ನೋವಿಲ್ಲ ಎಂದಮೇಲೆ ಗಾಬರಿಪಡುವಂಥದ್ದೇನೂ ಇಲ್ಲವೆಂಬ ಲೆಕ್ಕವೊಂದು ನನ್ನೊಳಗೆ ತಾನಾಗಿಯೇ ಮುಗಿದುಹೋಯಿತು. "ರಾತ್ರಿ ಕೈ ಅಡಿಗೆ ಹಾಕಿಕೊಂಡು ಮಲಗಿರಬೇಕು. ಈಗ ಸ್ವಲ್ಪ ಮಲಗಿಕೋ, ಸ್ವಲ್ಪ ಹೊತ್ತು ನೋಡೋಣ" ಎಂದು ಹೇಳಿ, ಹೊದಿಕೆ ಹೊದಿಸಿ, ನನ್ನ ಕೆಲಸಕ್ಕೆ ಕುಳಿತೆ.

ಆ 'ನೋಡೋಣ' ಒಂಬತ್ತೂವರೆಯವರೆಗೆ ಎಳೆಯಿತು. ಎಬ್ಬಿಸಲು ಹೋದಾಗ ಅವಳ ಬಾಯಿ ಒಂದು ಕಡೆಗೆ ವಾಲಿತ್ತು, ಬಲಗಾಲು ನೆಲಕ್ಕೆ ಊರುತ್ತಿರಲಿಲ್ಲ. ಅಲ್ಲಿಂದ ಮುಂದೆ ನಾನು ಓಡಿದೆನೇನೋ ನಿಜ, ಆದರೆ ಹತ್ತಿರದ ಆಸ್ಪತ್ರೆಗೆ ಓಡಿದೆ, ಸರಿಯಾದ ಆಸ್ಪತ್ರೆಗೆ ಅಲ್ಲ. ಅಲ್ಲಿ ಸಿಟಿ ಸ್ಕ್ಯಾನ್ ಯಂತ್ರವೇ ಇರಲಿಲ್ಲ. ಹೆಸರು ಬರೆಸಿ, ರಕ್ತದೊತ್ತಡ ನೋಡಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟಿ, ಬೇರೆ ಕಡೆಗೆ ಕರೆದೊಯ್ಯಿರೆಂದು ಅವರು ಹೇಳುವಷ್ಟರಲ್ಲಿ ಇನ್ನೊಂದು ಗಂಟೆ ಹೋಯಿತು. ಸ್ಕ್ಯಾನ್ ಇದ್ದ ಆಸ್ಪತ್ರೆಯ ಬಾಗಿಲಿಗೆ ನಾವು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು ದಾಟಿ ಇಪ್ಪತ್ತು ನಿಮಿಷ.

ಅಲ್ಲಿನ ನರರೋಗ ತಜ್ಞೆ ಮೊದಲು ಕೇಳಿದ್ದು ಅವಳ ಹೆಸರನ್ನಲ್ಲ, ವಯಸ್ಸನ್ನೂ ಅಲ್ಲ. "ಇವರು ಪೂರ್ತಿ ಸರಿಯಾಗಿದ್ದುದನ್ನು ಕೊನೆಯ ಬಾರಿ ನೀವು ನೋಡಿದ್ದು ಎಷ್ಟು ಗಂಟೆಗೆ?" ಎಂದು ಕೇಳಿದರು. ನಾನು "ಬೆಳಿಗ್ಗೆ" ಎಂದೆ. "ಬೆಳಿಗ್ಗೆ ಎಂದರೆ ಎಷ್ಟು ಗಂಟೆಗೆ?" ಬಾಚಣಿಗೆ ಬಿದ್ದದ್ದು ನೆನಪಾಯಿತು, ಅದನ್ನು ಹೇಳಿದೆ. ಅವರು ಗಡಿಯಾರದ ಕಡೆ ನೋಡಿದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದುದರ ಅರ್ಥ ನನಗೆ ಗೊತ್ತಾದದ್ದು ಸಂಜೆ.

ಸಂಜೆ ಅವರು ಬಿಳಿ ಹಾಳೆಯೊಂದರ ಹಿಂಬದಿಯಲ್ಲಿ ಚಿತ್ರ ಬರೆದು ಪಾರ್ಶ್ವವಾಯು, ಅಂದರೆ ಲಕ್ವ, ಹೇಗಾಗುತ್ತದೆಂದು ವಿವರಿಸಿದರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ಹರಿಯುವುದು ನಿಲ್ಲುವುದು ಒಂದು ಬಗೆ, ನಾಳ ಒಡೆದು ರಕ್ತ ಸೋರುವುದು ಇನ್ನೊಂದು ಬಗೆ. ಹೆಪ್ಪಿನಿಂದ ಆಗುವುದೇ ಹೆಚ್ಚು, ಆದರೆ ಹೊರಗಿನಿಂದ ನೋಡಿ ಇದು ಯಾವ ಬಗೆಯೆಂದು ಎಂಥ ಅನುಭವಿ ವೈದ್ಯರೂ ಖಚಿತವಾಗಿ ಹೇಳಲಾರರು; ಅದಕ್ಕೇ ಸ್ಕ್ಯಾನ್ ಬೇಕು. ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಎಂಬ ಔಷಧವನ್ನು ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುತ್ತದೆ ಎಂಬುದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಿಂದ ಗೊತ್ತಾಯಿತು. 2008ರಲ್ಲಿ ಯುರೋಪಿನ ಪ್ರಯೋಗವೊಂದು ಆ ಗಡಿಯನ್ನು ನಾಲ್ಕೂವರೆ ಗಂಟೆಗೆ ಚಾಚಿತು. ಅದರಾಚೆಗೆ, ರಕ್ತವಿಲ್ಲದೆ ಸೊರಗಿದ ಭಾಗದೊಳಗೆ ಔಷಧವೇ ರಕ್ತಸ್ರಾವ ಮಾಡಿಸುವ ಅಪಾಯವು ಲಾಭಕ್ಕಿಂತ ಹೆಚ್ಚಾಗುತ್ತ ಹೋಗುತ್ತದೆ. ದೊಡ್ಡ ನಾಳ ಮುಚ್ಚಿಕೊಂಡಿದ್ದರೆ ತೊಡೆಸಂದಿಯ ನಾಳದ ಮೂಲಕ ಸಣ್ಣ ನಳಿಗೆಯನ್ನು ಮಿದುಳಿನವರೆಗೆ ಕಳುಹಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವಿದೆ. ಆಯ್ದ ಕೆಲವು ರೋಗಿಗಳಲ್ಲಿ ಅದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ನನ್ನ ಹೆಂಡತಿಗೆ ಮುಚ್ಚಿಕೊಂಡಿದ್ದುದು ಸಣ್ಣ ಕವಲು, ನಳಿಗೆ ತಲುಪುವಂಥದ್ದಲ್ಲ. ನಾಲ್ಕೂವರೆ ಗಂಟೆಯ ಗಡಿ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿದಿತ್ತು. ಈ ಕೊನೆಯ ಕೂಡಿಸುವ ಲೆಕ್ಕವನ್ನು ಡಾಕ್ಟರು ಮಾಡಲಿಲ್ಲ, ನಾನೇ ಮಾಡಿಕೊಂಡೆ.

ಅವಳು ಉಳಿದಳು. ನಡಿಗೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು, ಬಲಗೈ ಅರ್ಧದಷ್ಟು ಮರಳಿತು, ಮಾತು ಮಾತ್ರ ಹಿಂದೆ ಉಳಿಯಿತು. ಮೊದಲ ಆರು ವಾರ ಅವಳ ಬಾಯಲ್ಲಿ ಬರುತ್ತಿದ್ದುದು 'ಅದು' ಎಂಬ ಒಂದೇ ಪದ. ಬಾಯಾರಿದರೂ ಅದು, ಬೆಳಕು ಆರಿಸಬೇಕಾದರೂ ಅದು, ನನ್ನ ಮೇಲೆ ಸಿಟ್ಟು ಬಂದರೂ ಅದು. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯೊಬ್ಬನಿಗೂ 'ತಾನ್' ಎಂಬ ಒಂದೇ ಉಲಿ ಉಳಿದಿತ್ತಂತೆ. ಮಾತು ಹುಟ್ಟಿಸುವ ಕೆಲಸ ಮಿದುಳಿನ ಎಡ ಮುಂಭಾಗದಲ್ಲಿ ನಡೆಯುತ್ತದೆಂದು ಬ್ರೋಕಾ ಕಂಡುಕೊಂಡದ್ದು ಅವನು ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ. ಇದನ್ನು ಓದಿದ ದಿನ ನನಗೆ ಸಮಾಧಾನವೇನೂ ಆಗಲಿಲ್ಲ, ಆದರೆ ಅವಳನ್ನು ಮಗುವಿನಂತೆ ಗಟ್ಟಿ ದನಿಯಲ್ಲಿ ಮಾತಾಡಿಸುವುದನ್ನು ಬಿಟ್ಟೆ.

ನಾನು ಮುದ್ರಣಾಲಯವೊಂದಕ್ಕೆ ಕರಡು ತಿದ್ದುವವನು. ಎಂಟು ತಿಂಗಳ ನಂತರ ಅದೇ ನರರೋಗ ತಜ್ಞೆ ಕರೆ ಮಾಡಿ, ತಾವು ಮತ್ತು ಕೆಲವು ಸ್ವಯಂಸೇವಕರು ಸೇರಿ ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನಕ್ಕೆ ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇವೆ, ಕಾಗುಣಿತ ಮತ್ತು ವ್ಯಾಕರಣ ನೋಡಿಕೊಡುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಬಂದ ಕರಡಿನ ಮೊದಲ ವಾಕ್ಯ ಹೀಗಿತ್ತು: "ಮಿದುಳಿನ ರಕ್ತಪೂರೈಕೆಯಲ್ಲಿ ಉಂಟಾಗುವ ಅಡಚಣೆಯಿಂದ ಅಥವಾ ರಕ್ತಸ್ರಾವದಿಂದ ನರಕೋಶಗಳು ಹಾನಿಗೊಳಗಾಗುವ ಸ್ಥಿತಿಯೇ ಪಾರ್ಶ್ವವಾಯು." ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಮುಂದೆ ವಿಧಗಳು, ಕಾರಣಗಳು, ಅಪಾಯಕಾರಿ ಅಂಶಗಳು, ಲಕ್ಷಣಗಳು, ಚಿಕಿತ್ಸೆ, ಪುನಶ್ಚೇತನ, ತಡೆಗಟ್ಟುವಿಕೆ. ಎರಡು ಅಲ್ಪಪ್ರಾಣ ಮಹಾಪ್ರಾಣದ ತಪ್ಪು, ಒಂದು ವಿಭಕ್ತಿಯ ತಪ್ಪು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಕಳುಹಿಸುವ ಮುನ್ನ ಅಭ್ಯಾಸಬಲದಿಂದ ಕೊನೆಯ ಸಲ ಓದುತ್ತಿದ್ದಾಗ ಒಂದು ಪ್ರಶ್ನೆ ಎದ್ದಿತು. ಆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಕಾಗದ ನನ್ನ ಮೇಜಿನ ಮೇಲೆಯೇ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ಪ್ರಾಮಾಣಿಕ ಉತ್ತರವೆಂದರೆ, ಹೊದಿಕೆ ಹೊದಿಸಿ ಕೆಲಸಕ್ಕೆ ಕೂರುತ್ತಿದ್ದೆ. ಲಕ್ಷಣಗಳು ಅದರಲ್ಲಿ ನಾಲ್ಕನೆಯ ಉಪಶೀರ್ಷಿಕೆಯ ಕೆಳಗಿದ್ದವು, "ದೇಹದ ಒಂದು ಪಾರ್ಶ್ವದಲ್ಲಿ ಹಠಾತ್ ದೌರ್ಬಲ್ಯ" ಎಂಬ ಮಾತಿನಲ್ಲಿ. ಬಾಚಣಿಗೆ ಜಾರಿ ಬೀಳುವುದೂ 'ಹಠಾತ್ ದೌರ್ಬಲ್ಯ'ವೂ ಒಂದೇ ಎಂದು ನನಗೆ ಹೊಳೆಯುತ್ತಿರಲಿಲ್ಲ. ಇಷ್ಟನ್ನೂ ಬರೆದು ಕರಡಿನ ಜೊತೆಗೆ ಕಳುಹಿಸಿದೆ. "ಹಾಗಾದರೆ ನೀವೇ ಬರೆದುಕೊಡಿ" ಎಂದು ಡಾಕ್ಟರಿಂದ ಉತ್ತರ ಬಂತು. ಅದರಲ್ಲಿ ಸ್ವಲ್ಪ ಬೇಸರವೂ ಇತ್ತೆಂದು ನನ್ನ ಊಹೆ.

ಮೊದಲ ತೊಡಕು ರೋಗದ ಹೆಸರಿನಲ್ಲಿಯೇ ಎದುರಾಯಿತು. 'ಪಾರ್ಶ್ವವಾಯು' ಎಂಬುದು ಪುಸ್ತಕದ ಪದ. ಅದರೊಳಗಿನ 'ವಾಯು'ವನ್ನು ಹಿಡಿದುಕೊಂಡು ಇದು ಮೈಯೊಳಗಿನ ಗಾಳಿಯ ದೋಷ, ತಿಕ್ಕಿದರೆ ಹೋಗುತ್ತದೆ ಎಂದು ಭಾವಿಸುವವರನ್ನು ನಾನು ಆಮೇಲೆ ಎಷ್ಟೋ ಕಡೆ ಕಂಡೆ. 'ಸ್ಟ್ರೋಕ್' ಎಂದರೆ ಹಲವರಿಗೆ ಹೃದಯಾಘಾತ, ಇನ್ನು ಕೆಲವರಿಗೆ ಬಿಸಿಲಿನ ಹೊಡೆತ. ಎಲ್ಲರಿಗೂ ಗೊತ್ತಿರುವ ಪದ 'ಲಕ್ವ'. ಆದರೆ ಆ ಪದಕ್ಕೆ ಅಂಟಿಕೊಂಡಿರುವ ಕ್ರಿಯಾಪದವನ್ನು ಗಮನಿಸಿ: ನಾವು 'ಲಕ್ವ ಹೊಡೆದಿದೆ' ಎನ್ನುತ್ತೇವೆ, 'ಲಕ್ವ ಹೊಡೆಯುತ್ತಿದೆ' ಎಂದು ಯಾರೂ ಅನ್ನುವುದಿಲ್ಲ. ಹೊಡೆದು ಮುಗಿದ ಮೇಲಿನ ಸ್ಥಿತಿಗೆ, ಮಲಗಿದವರ ಸ್ಥಿತಿಗೆ ಆ ಹೆಸರು. ಅದು ನಡೆಯುತ್ತಿರುವ ಗಳಿಗೆಗೆ ನಮ್ಮಲ್ಲಿ ಹೆಸರಿಲ್ಲ. ಆಗಿಹೋದದ್ದಕ್ಕೆ ಯಾರು ತಾನೇ ಅವಸರ ಮಾಡುತ್ತಾರೆ? 2006ರಲ್ಲಿ ನರರೋಗ ತಜ್ಞ ಜೆಫ್ರಿ ಸೇವರ್ ಮಾಡಿದ ಲೆಕ್ಕದ ಪ್ರಕಾರ, ದೊಡ್ಡ ನಾಳವೊಂದು ಮುಚ್ಚಿದಾಗ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಅದು ಗಂಟೆಗಟ್ಟಲೆ ನಡೆಯುವ ನಷ್ಟ, ಒಂದೇ ಏಟಿನದಲ್ಲ. ಹೊಸ ಪದವನ್ನು ಟಂಕಿಸಲು ಎರಡು ದಿನ ಒದ್ದಾಡಿ ಬಿಟ್ಟುಬಿಟ್ಟೆ. ತಲೆಬರಹದಲ್ಲಿ "ಲಕ್ವ ಹೊಡೆಯುತ್ತಿರುವಾಗ" ಎಂದಷ್ಟೇ ಬರೆದೆ. ಓದಿದ ಒಬ್ಬ ಸ್ವಯಂಸೇವಕ ಇದು ವ್ಯಾಕರಣದ ತಪ್ಪಲ್ಲವೇ ಎಂದು ಕೇಳಿದ. ತಪ್ಪೆಂದು ಅನಿಸಿ ಅವನು ಅಲ್ಲಿ ನಿಂತನಲ್ಲ, ಅದೇ ಸಾಕೆಂದು ಹಾಗೆಯೇ ಉಳಿಸಿಕೊಂಡೆ.

ಎರಡನೆಯ ತೊಡಕು ಲಕ್ಷಣಗಳದ್ದು. ಇಂಗ್ಲಿಷಿನಲ್ಲಿ ಇದಕ್ಕೆ 'ಫಾಸ್ಟ್' ಎಂಬ ನಾಲ್ಕಕ್ಷರದ ಸೂತ್ರವಿದೆ. ಮುಖ, ತೋಳು, ಮಾತು, ಸಮಯ ಎಂಬುವುಗಳ ಮೊದಲಕ್ಷರಗಳನ್ನು ಕೂಡಿಸಿದರೆ 'ಬೇಗ' ಎಂಬ ಅರ್ಥದ ಪದವೇ ಆಗುತ್ತದೆ. ಬ್ರಿಟನ್ನಿನ ಸರ್ಕಾರ 2009ರಲ್ಲಿ ಈ ಸೂತ್ರವನ್ನಿಟ್ಟುಕೊಂಡು ದೊಡ್ಡ ಪ್ರಚಾರವನ್ನೇ ಆರಂಭಿಸಿತು. ಕನ್ನಡದಲ್ಲಿ ಅದೇ ಚಮತ್ಕಾರ ಮಾಡಲು ಹೋಗಿ 'ಮು-ಕೈ-ಮಾ-ಸ' ಎಂಬ, ಯಾರ ನಾಲಿಗೆಯಲ್ಲೂ ನಿಲ್ಲದ ವಸ್ತುವೊಂದನ್ನು ನಾನು ತಯಾರಿಸಿದೆ. ಅದನ್ನು ನನ್ನ ಹೆಂಡತಿಯ ಮುಂದಿಟ್ಟೆ. ಅವಳು ಅಷ್ಟರಲ್ಲಿ ಬಿಡಿ ಪದಗಳನ್ನು ಹೇಳುವಷ್ಟು ಸುಧಾರಿಸಿದ್ದಳು. ಹಾಳೆಯನ್ನು ನೋಡಿ, ತುಸು ಹೊತ್ತು ಬಾಯಲ್ಲೇ ಪದವನ್ನು ಹುಡುಕಿ, "ಮಾಡು... ಏನು ಮಾಡು?" ಎಂದಳು.

ಅವಳ ಪ್ರಶ್ನೆ ನೇರವಾಗಿತ್ತು. ಮುಖ, ಕೈ, ಮಾತು, ಸಮಯ ಎಂಬ ನಾಲ್ಕೂ ನಾಮಪದಗಳು. ತಿಳಿದುಕೊಳ್ಳುವವನಿಗೆ ಅವು ಸಾಕು, ಎದುರಿಗೆ ಬಾಚಣಿಗೆ ಬಿದ್ದಾಗ ಕಂಗಾಲಾಗಿ ನಿಂತವನಿಗೆ ಸಾಲವು. ಅವನು ಕೈಯಾರೆ ಏನನ್ನೋ ಮಾಡಿಸಬೇಕು. ಮಾಡಿಸುವುದಕ್ಕೆ ಕನ್ನಡದಲ್ಲಿ 'ಇಸು' ಪ್ರತ್ಯಯವೇ ಇದೆಯಲ್ಲ ಎಂಬುದು, ಮೂವತ್ತು ವರ್ಷ ಅದೇ ಪ್ರತ್ಯಯವನ್ನು ಕರಡಿನಲ್ಲಿ ತಿದ್ದಿದ ನನಗೆ ಅಂದು ಹೊಳೆಯಿತು. ನಗಿಸಿ ನೋಡಿ. ಕೈ ಎತ್ತಿಸಿ ನೋಡಿ. ಮಾತಾಡಿಸಿ ನೋಡಿ. ಹೊರಡಿಸಿ. ಮೂರು ಸಲ ಬರುವ 'ನೋಡಿ' ನಾಲ್ಕನೆಯ ಸಾಲಿನಲ್ಲಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಮುಂದೆ ನೋಡುತ್ತ ಕೂರುವುದಕ್ಕೆ ಏನೂ ಉಳಿದಿರುವುದಿಲ್ಲ.

ಈ ನಾಲ್ಕು ಸಾಲೂ ಮೊದಲ ಸಲಕ್ಕೇ ದಡ ಸೇರಲಿಲ್ಲ. ಕರಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ನಾವು ಹಳೆಯ ಕರಡನ್ನು ಇಪ್ಪತ್ತು ಮಂದಿಗೂ ಹೊಸದನ್ನು ಬೇರೆ ಇಪ್ಪತ್ತು ಮಂದಿಗೂ ಓದಲು ಕೊಟ್ಟು, ವಾರದ ನಂತರ ಫೋನು ಮಾಡಿ ಏನು ನೆನಪಿದೆಯೆಂದು ಕೇಳಿದೆವು. ಇದು ಶಾಸ್ತ್ರೀಯ ಅಧ್ಯಯನವೇನಲ್ಲ, ಆದರೂ ಆ ಫೋನುಗಳಿಂದ ಕಲಿತಷ್ಟನ್ನು ನಾನು ಯಾವ ಸಭೆಯಿಂದಲೂ ಕಲಿಯಲಿಲ್ಲ. ಹಳೆಯ ಕರಡನ್ನು ಓದಿದವರಲ್ಲಿ ಬಹುತೇಕರಿಗೆ ನೆನಪಿದ್ದುದು ಮಿದುಳಿನ ಕೆಂಪು ಚಿತ್ರ, ಅಕ್ಟೋಬರ್ 29 ಎಂಬ ತಾರೀಖು, ಮತ್ತು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ಟ್ರೋಕ್ ಆಗುವ ಸಂಭವವಿದೆ ಎಂಬ ಮಾತು. ಇಪ್ಪತ್ತೈದು ದಾಟಿದ ವಯಸ್ಕರ ಕುರಿತ ಜಾಗತಿಕ ಅಂದಾಜು ಅದು, 2018ರಲ್ಲಿ ಪ್ರಕಟವಾದದ್ದು, ಸರಿಯಾದದ್ದೇ. ಆದರೆ ಒಬ್ಬರು "ನಮ್ಮ ಮನೆಯಲ್ಲಿ ನಾಲ್ಕೇ ಜನ, ಯಾರಿಗೋ ಎಂದು ನಿದ್ದೆ ಬರುತ್ತಿಲ್ಲ" ಎಂದರು. ಇನ್ನೊಬ್ಬರು "ಉಳಿದ ಮೂವರಲ್ಲಿ ನಾನಿರುತ್ತೇನೆ ಬಿಡಿ" ಎಂದು ನಕ್ಕರು. ಒಂದೇ ಅಂಕಿ ಒಬ್ಬರ ನಿದ್ದೆ ಕೆಡಿಸಿತು, ಇನ್ನೊಬ್ಬರನ್ನು ನಿಶ್ಚಿಂತೆಯಿಂದ ಮಲಗಿಸಿತು. ಏನು ಮಾಡಬೇಕೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಅಂಕಿಯನ್ನು ತೆಗೆದುಹಾಕಿದೆವು.

ಹೊಸದನ್ನು ಓದಿದವರಿಗೆ ನಾಲ್ಕು ಕ್ರಿಯಾಪದಗಳಲ್ಲಿ ಮೂರಾದರೂ ನೆನಪಿದ್ದವು. ಆದರೆ ಒಬ್ಬ ಹುಡುಗಿ, "ನಗಿಸೋದು ಅಂದ್ರೆ ಅವರಿಗೆ ಏನಾದರೂ ತಮಾಷೆ ಹೇಳಬೇಕಾ?" ಎಂದು ಕೇಳಿದಳು. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ, ಏಕೆಂದರೆ ಹೆದರಿದ ಮನುಷ್ಯ ಅಕ್ಷರಶಃ ಓದುತ್ತಾನೆ. ಹೀಗಾಗಿ ಪ್ರತಿ ಸಾಲಿನ ಕೆಳಗೆ ಒಂದೊಂದು ವಾಕ್ಯ ಸೇರಿತು. ಹಲ್ಲು ಕಾಣುವಂತೆ ನಗಲು ಹೇಳಿ, ಬಾಯಿಯ ಒಂದು ಕೊನೆ ಕೆಳಗೇ ಉಳಿಯುತ್ತದೆಯೇ ಗಮನಿಸಿ. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮೇಲ್ಮುಖವಾಗಿಸಿ, ತೋಳುಗಳನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ, ಒಂದು ತೋಳು ತಾನಾಗಿ ಇಳಿಯುತ್ತದೆಯೇ ಗಮನಿಸಿ. ಚಿಕ್ಕ ವಾಕ್ಯವೊಂದನ್ನು ನೀವು ಹೇಳಿ, ಅದನ್ನೇ ಮರಳಿ ಹೇಳಿಸಿ. ನಾಲ್ಕನೆಯದರ ಕೆಳಗೆ ನಾನು ಎರಡು ವಾಕ್ಯ ಬರೆದೆ, ಎರಡೂ ನನ್ನ ಸ್ವಂತ ತಪ್ಪಿನಿಂದ ಬಂದವು. ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ನಿಮಗೆ ಹತ್ತಿರದಲ್ಲಿ ಯಾವುದೆಂದು ಇಂದೇ ವಿಚಾರಿಸಿ ಇಲ್ಲಿ ಬರೆದಿಟ್ಟುಕೊಳ್ಳಿ ಎಂಬುದು ಒಂದು. ಅದರ ಮುಂದೆ ಖಾಲಿ ಗೆರೆ. ಇನ್ನೊಂದು, "ಕೊನೆಯ ಬಾರಿ ಸರಿಯಾಗಿದ್ದ ಹೊತ್ತು" ಎಂದು ಬರೆದು, ಅದರ ಮುಂದೆಯೂ ಖಾಲಿ ಗೆರೆ. ಮುದ್ರಣಾಲಯದ ಗೆಳೆಯ ಆ ಖಾಲಿ ಜಾಗದಲ್ಲಿ ಚಿತ್ರ ಹಾಕೋಣವೆಂದ, ಬೇಡವೆಂದೆ.

ಡಾಕ್ಟರಿಗೂ ನನಗೂ ಜಗಳವೆನ್ನಬಹುದಾದ ಚರ್ಚೆ ನಡೆದದ್ದು ಕರಪತ್ರದಲ್ಲಿ ಏನನ್ನು ಬಿಡಬೇಕೆಂಬುದರ ಮೇಲೆ. ಸೂತ್ರದಲ್ಲಿ ಸಮತೋಲನ ಮತ್ತು ದೃಷ್ಟಿ ಇಲ್ಲವೆಂಬುದು ಅವರ ಆಕ್ಷೇಪ. ಹಠಾತ್ತಾಗಿ ತೂರಾಡುವುದು, ಒಂದು ಕಣ್ಣು ಮಂಜಾಗುವುದು, ಎರಡೆರಡಾಗಿ ಕಾಣುವುದು ಕೂಡ ಸ್ಟ್ರೋಕ್ ಆಗಿರಬಹುದು. ಹೆಪ್ಪಿನಿಂದಾದ ಸ್ಟ್ರೋಕಿನ ರೋಗಿಗಳಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು ಮಂದಿಗೆ ಮುಖ, ತೋಳು, ಮಾತಿನ ಲಕ್ಷಣವೇ ಇರಲಿಲ್ಲವೆಂದು 2017ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿದೆ ಎಂದು ಅವರು ವಾದಿಸಿದರು. ನಾನು ವಾರದ ನಂತರದ ನೆನಪಿನ ಮಾತನ್ನೆತ್ತಿದೆ: ಆರು ಸಾಲು ಹೇಳಿ ಎರಡು ಉಳಿಯುವುದಕ್ಕಿಂತ ನಾಲ್ಕು ಹೇಳಿ ಮೂರು ಉಳಿಯುವುದು ಮೇಲಲ್ಲವೇ? ಇಬ್ಬರೂ ಸರಿಯಿದ್ದೆವು, ಅದೇ ಕಷ್ಟ. ಕೊನೆಗೆ ಅವೆರಡು ಸಣ್ಣ ಅಕ್ಷರದಲ್ಲಿ ಬದಿಗೆ ಬಂದವು. ರಕ್ತದೊತ್ತಡದ ವಿಷಯದಲ್ಲಿ ಮಾತ್ರ ಅವರು ಒಂದಿಷ್ಟೂ ಬಗ್ಗಲಿಲ್ಲ, ಬಗ್ಗದೇ ಇದ್ದದ್ದೇ ಒಳ್ಳೆಯದಾಯಿತು. ಸ್ಟ್ರೋಕಿನ ಅತಿದೊಡ್ಡ ಕಾರಣ ಅದೇ, ಮತ್ತು ಅದು ತಾನು ಇದ್ದೇನೆಂದು ಹೇಳಿಕೊಳ್ಳುವ ಪೈಕಿಯಲ್ಲ. ನನ್ನ ಹೆಂಡತಿಗೂ ಇತ್ತು, ಎಂದೂ ಅಳೆಸಿರಲಿಲ್ಲ. ಅದಕ್ಕೆ ಹಿಂಬದಿಯ ಅರ್ಧ ಪುಟ ಹೋಯಿತು. ಉಳಿದರ್ಧದಲ್ಲಿ ಮಾಡಬಾರದವು: ನುಂಗುವ ಶಕ್ತಿ ಕುಗ್ಗಿರಬಹುದಾದ್ದರಿಂದ ಬಾಯಿಗೆ ಏನನ್ನೂ, ನೀರನ್ನೂ ಹಾಕಬಾರದು, ರಕ್ತಸ್ರಾವವಾಗಿದ್ದರೆ ಹಾನಿ ಹೆಚ್ಚುವುದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು, ಮಲಗಿದರೆ ಸರಿಹೋಗುತ್ತದೆಂದು ಮಲಗಿಸಿ ಬಿಡಬಾರದು. ಈ ಕೊನೆಯ ವಾಕ್ಯವನ್ನು ಬರೆದವನು ನಾನಾದರೂ ತಿದ್ದುವಾಗ ಅದರ ಮೇಲೆ ಕಣ್ಣಾಡಿಸದೆ ಮುಂದೆ ಹೋಗುತ್ತಿದ್ದೆ, ಹಾಗಾಗಿ 'ಹೋಗುತ್ತದೆಂದು' ಎಂಬುದರ ಸೊನ್ನೆ ಬಿಟ್ಟುಹೋಗಿ ಮೊದಲ ಅಚ್ಚಿನಲ್ಲಿ ತಪ್ಪಾಗಿಯೇ ಬಂತು.

ಆಮೇಲೆ ಸಭೆಗಳು ಆರಂಭವಾದವು: ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಗ್ರಂಥಾಲಯದ ಓದುಕೋಣೆಗಳಲ್ಲಿ, ಹಿರಿಯರ ಸಂಘಗಳಲ್ಲಿ. ಹೆಚ್ಚಿನವು ಮರೆಯಬಹುದಾದಂಥವು, ಮೈಕು ಕೈಕೊಡುತ್ತಿತ್ತು, ಅಧ್ಯಕ್ಷರ ಮಾತು ಮುಗಿಯುವಷ್ಟರಲ್ಲಿ ಅರ್ಧ ಜನ ಎದ್ದಿರುತ್ತಿದ್ದರು. ಆರಂಭದಲ್ಲಿ ಸಂಘಟಕರೊಬ್ಬರು ನನ್ನ ಹೆಂಡತಿಯನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿ, "ನೋಡಿ, ನಿರ್ಲಕ್ಷಿಸಿದರೆ ಹೀಗಾಗುತ್ತದೆ" ಎಂದು ತೋರಿಸುವ ಯೋಜನೆ ಹಾಕಿದ್ದರು. ಅವಳು ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ಆಹ್ವಾನಪತ್ರದ ಮೇಲೆ ದೊಡ್ಡದಾಗಿ 'ಬೇಡ' ಎಂದು ಬರೆದಳು. ಹೆದರಿಸಿ ಕಲಿಸುವುದರ ಬಗ್ಗೆ ನನಗೆ ಮೊದಲೇ ಅನುಮಾನವಿತ್ತು. ಹೆದರಿದವರು ಮುಖ ತಿರುಗಿಸುತ್ತಾರೆ. ಅವಳತ್ತ ಮುಖ ತಿರುಗಿಸಿದ ನೆಂಟರನ್ನು ನಾವು ಎಂಟು ತಿಂಗಳು ಕಂಡಿದ್ದೆವು. ಬದಲಿಗೆ ಅವಳು ತಾನೇ ಒಂದು ಕೆಲಸವನ್ನು ಆರಿಸಿಕೊಂಡಳು. ಸಭೆಯ ನಡುವೆ ಎದ್ದು ನಿಂತು, ಬಿಡಿಬಿಡಿಯಾಗಿ, "ಕಣ್ಣು... ಮುಚ್ಚಿ. ಕೈ... ಚಾಚಿ" ಎನ್ನುತ್ತಾಳೆ. ಎಲ್ಲರೂ ಚಾಚುತ್ತಾರೆ. ಅವಳು ಒಂದರಿಂದ ಹತ್ತರವರೆಗೆ ಎಣಿಸುತ್ತಾಳೆ. ಎಣಿಕೆ ಅವಳಿಗೆ ಮಾತಿಗಿಂತ ಸಲೀಸು, ಬಾಯಿಪಾಠವಾದ ಸಾಲುಗಳು ಇಂಥವರಲ್ಲಿ ಎಷ್ಟೋ ಸಲ ಉಳಿದುಕೊಂಡಿರುತ್ತವಂತೆ. ಹತ್ತಾದ ಮೇಲೆ ಕಣ್ಣು ಬಿಡಲು ಹೇಳುತ್ತಾಳೆ. ಆಗ ಎಲ್ಲರಿಗೂ ಎದುರಿಗೆ ಕಾಣುವುದು ಅವಳೇ ಚಾಚಿದ ಎರಡು ತೋಳು: ಎಡದ್ದು ನೇರವಾಗಿ, ಬಲದ್ದು ಒಂದು ಗೇಣು ಕೆಳಗೆ, ಅಂಗೈ ಮೆಲ್ಲಗೆ ಒಳಕ್ಕೆ ತಿರುಗಿಕೊಂಡು. ಅವಳು ಏನನ್ನೂ ವಿವರಿಸುವುದಿಲ್ಲ.

ಇಂಥದೊಂದು ಸಭೆಯ ಕೊನೆಯಲ್ಲಿ, ಐವತ್ತರ ಆಸುಪಾಸಿನ ಒಬ್ಬರು ನನ್ನನ್ನು ಬದಿಗೆ ಕರೆದು, "ನನಗೂ ಹೋದ ವಾರ ಹೀಗೇ ಆಗಿತ್ತು, ಸರ್. ಮಾತು ತೊದಲಿತು, ಕೈ ಜೋಮು ಹಿಡಿಯಿತು. ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋಯಿತು. ದೇವರು ದೊಡ್ಡವನು" ಎಂದರು. ತಾನಾಗಿ ಸರಿಹೋದದ್ದು ಪಾರಾದುದರ ಗುರುತಲ್ಲ, ಮುನ್ಸೂಚನೆ. ಹೆಪ್ಪು ತಾತ್ಕಾಲಿಕವಾಗಿ ಸಿಕ್ಕಿ ಬಿಡಿಸಿಕೊಂಡಿರುತ್ತದೆ, ಅದರ ನಂತರದ ಮೊದಲ ಎರಡು ದಿನ ಅಪಾಯ ಅತಿ ಹೆಚ್ಚು ಎಂದು ಡಾಕ್ಟರು ನನಗೆ ಹೇಳಿದ್ದುದನ್ನು ಅವರಿಗೆ ಹೇಳಿದೆ. ಒಂದು ವಾರ ಕಳೆದಿದೆಯಲ್ಲ ಎಂದು ಅವರು ಅದರಲ್ಲೂ ನೆಮ್ಮದಿ ಹುಡುಕಿದರು. ಡಾಕ್ಟರು ಅಲ್ಲೇ ಇದ್ದರು. ಕರೆದು ತೋರಿಸಿದೆ, ಅವರು ನಾಡಿ ಹಿಡಿದು ನೋಡಿ, ಅಂದೇ ಇಸಿಜಿ ಮಾಡಿಸಲು ಕಳುಹಿಸಿದರು. ಹೃದಯದ ಬಡಿತ ಲಯ ತಪ್ಪಿತ್ತು. ಹಾಗೆ ಲಯ ತಪ್ಪಿದ ಹೃದಯದೊಳಗೆ ರಕ್ತ ಮಡುಗಟ್ಟಿ ಹೆಪ್ಪಾಗಿ ಮಿದುಳಿಗೆ ಹೋಗುತ್ತದೆ. ಕರಪತ್ರದಲ್ಲಿ ಈ ವಿಷಯವೇ ಇರಲಿಲ್ಲ. ಮುಂದಿನ ಅಚ್ಚಿನಲ್ಲಿ ಹೊರಡಿಸುವ ಸಾಲಿನ ಪಕ್ಕದಲ್ಲಿ "ಅಷ್ಟರಲ್ಲಿ ಸರಿಹೋದರೂ" ಎಂಬ ಎರಡು ಪದ ಸೇರಿದವು.

ಇನ್ನೊಮ್ಮೆ ದೂರೇ ಬಂತು. ನಮ್ಮ ಕರಪತ್ರ ಓದಿದ್ದ ಮಗಳೊಬ್ಬಳು ತಂದೆಯ ಬಾಯಿ ವಾಲಿದ್ದನ್ನು ಕಂಡು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ದಳು. ಅದು ಸ್ಟ್ರೋಕ್ ಅಲ್ಲ, ಮುಖದ ನರವೊಂದರ ತೊಂದರೆಯೆಂದು ತಿಳಿಯಿತು. ಆ ತೊಂದರೆಯಲ್ಲಿ ಸಾಮಾನ್ಯವಾಗಿ ಹಣೆಯೂ ಸುಕ್ಕಾಗುವುದಿಲ್ಲ, ಸ್ಟ್ರೋಕಿನಲ್ಲಿ ಹೆಚ್ಚಾಗಿ ಹಣೆ ಸುಕ್ಕಾಗುತ್ತದೆ. ಆದರೆ ಈ ಭೇದ ವೈದ್ಯರು ಕಾಣಬೇಕಾದದ್ದು. ಮನೆಯವರೆಲ್ಲ ಅವಳನ್ನು ನೋಡಿ ನಕ್ಕರಂತೆ. ಅವಳು ನಮ್ಮ ಮೇಲೆ ಸಿಟ್ಟಾಗಿದ್ದಳು, ನ್ಯಾಯವಾಗಿಯೇ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ತೀರ ಇಳಿದಾಗಲೂ ಥೇಟು ಹೀಗೇ ಕಾಣಿಸಬಹುದು, ಮೈಗ್ರೇನಿನಲ್ಲೂ ಕಾಣಿಸಬಹುದು. ಜನರು ತಡಮಾಡುವುದು ತಿಳಿವಳಿಕೆ ಇಲ್ಲದ್ದರಿಂದ ಮಾತ್ರ ಎಂದುಕೊಂಡಿದ್ದೆ; ನಗೆಪಾಟಲಾಗುವ ಭಯವೂ ಅಷ್ಟೇ ದೊಡ್ಡ ಕಾರಣ. ಆ ಬೆಳಿಗ್ಗೆ ನನ್ನೊಳಗಿದ್ದುದೂ ಬಹುಶಃ ಅದೇ: ಕೈ ಜೋಮು ಹಿಡಿದದ್ದಕ್ಕೆ ಆಂಬುಲೆನ್ಸ್ ಕರೆಸಿದ ಗಂಡ ಎನಿಸಿಕೊಳ್ಳಲು ನಾನು ಸಿದ್ಧನಿರಲಿಲ್ಲ. "ಸ್ಟ್ರೋಕ್ ಅಲ್ಲವೆಂದು ಹೇಳಬೇಕಾದವರು ನಾವು, ಮನೆಯವರಲ್ಲ. ಅಲ್ಲವೆಂದಾದರೂ ನೀವು ಬಂದದ್ದು ಸರಿ" ಎಂಬ ಸಾಲನ್ನು ಡಾಕ್ಟರು ತಾವೇ ಬರೆದುಕೊಟ್ಟರು, ಅದು ಅವರ ಸಹಿಯೊಂದಿಗೇ ಅಚ್ಚಾಯಿತು.

ಹೋದ ತಿಂಗಳು ಡಾಕ್ಟರು ನಮ್ಮಿಬ್ಬರನ್ನೂ ಕರೆಸಿ, ನಾಲ್ಕು ಮಡಿಕೆಯ ಒಂದು ಕರಪತ್ರವನ್ನು ಮೇಜಿನ ಮೇಲಿಟ್ಟರು. ರೋಗಿಯ ಹೆಸರನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಯಾರದೋ ಅಂಗಿಯ ಜೇಬಿನಲ್ಲಿ ಬಹಳ ದಿನ ಇದ್ದದ್ದಿರಬೇಕು, ಮಡಿಕೆಗಳಲ್ಲಿ ಕಾಗದ ಸವೆದು ಅಕ್ಷರ ಹರಿದಿದ್ದವು. ಆಸ್ಪತ್ರೆಯ ಗೆರೆಯ ಮೇಲೆ ಹಳೆಯ ಶಾಯಿಯಲ್ಲಿ ಹೆಸರೊಂದಿತ್ತು. ಹೊತ್ತಿನ ಗೆರೆಯ ಮೇಲೆ, ಓಡುವ ವಾಹನದಲ್ಲಿ ಬರೆದಂತೆ ವಕ್ರವಾಗಿ, 6-40 ಎಂದಿತ್ತು. ಅವರು ಆಸ್ಪತ್ರೆ ಮುಟ್ಟಿದ್ದು ಏಳೂವರೆಗಂತೆ. ಸ್ಕ್ಯಾನಿನಲ್ಲಿ ಕಂಡದ್ದು ಹೆಪ್ಪಲ್ಲ, ರಕ್ತಸ್ರಾವ. ಹೀಗಾಗಿ ಕರಗಿಸುವ ಔಷಧದ ಪ್ರಶ್ನೆಯೇ ಬರಲಿಲ್ಲ, ರಕ್ತದೊತ್ತಡ ಇಳಿಸಿ ತೀವ್ರ ನಿಗಾದಲ್ಲಿಟ್ಟಿದ್ದಾರೆ, ಮುಂದೇನೆಂದು ಈಗಲೇ ಹೇಳಲಾಗದು ಎಂದರು. ನನ್ನ ಹೆಂಡತಿ ಕಾಗದವನ್ನು ಎಡಗೈಯಿಂದ ತನ್ನ ಕಡೆಗೆ ಎಳೆದುಕೊಂಡು, ಆ ಅಂಕಿಯ ಮೇಲೆ ಬಲಗೈಯ ತೋರುಬೆರಳನ್ನು ತಂದಿಟ್ಟಳು. ಬೆರಳು ಗುರಿ ಮುಟ್ಟಲು ತುಸು ಹೊತ್ತು ಹಿಡಿಯಿತು. ಓದಿದಳು: "ಆರು... ನಲವತ್ತು." ಆಮೇಲೆ ಮೊದಲ ಅಚ್ಚಿನದೇ ಪ್ರತಿಯೆಂದು ಗೊತ್ತಾಗಿ, ಹಿಂಬದಿಗೆ ತಿರುಗಿಸಿ, ಸೊನ್ನೆ ಬಿಟ್ಟುಹೋಗಿದ್ದ ಆ ಪದವನ್ನು ನನಗೆ ತೋರಿಸಿದಳು.